ಬಣ್ಣದ ಕೋಣೆಯ ಗೋಡೆ

ನಮ್ಮ ಅಡುಗೆಮನೆಯಲ್ಲಿ ನಮಗಿಂತ ಮೊದಲು ರಾಜರ ಕಿರೀಟಗಳಿದ್ದವು. ಮೆಲಾಕಾದ ಆ ಹಳೆಯ ನಾಟಕಶಾಲೆಯ ರಂಗದ ಹಿಂದೆ ಸಾಲಾಗಿ ಮೂರು ಕೋಣೆಗಳು. ಮೊದಲನೆಯದು ಕಿರೀಟ, ಕತ್ತಿ, ಗದೆಗಳ ಉಗ್ರಾಣ. ಅದರಲ್ಲಿ ಗ್ಯಾಸ್ ಒಲೆ ಇಟ್ಟು ಅಮ್ಮ ಅಡುಗೆಮನೆ ಮಾಡಿದಳು. ಎರಡನೆಯದು ವೇಷದ ಬಟ್ಟೆಗಳ ಕೋಣೆ. ಅಲ್ಲಿ ಅಪ್ಪ ಅಮ್ಮನ ಮಂಚ, ಅಪ್ಪನ ಪುಸ್ತಕಗಳು, ಎಷ್ಟು ಗುಡಿಸಿದರೂ ಮೂಲೆಯಲ್ಲಿ ಮತ್ತೆ ಕಾಣಿಸುವ ಜರಿಯ ಚೂರುಗಳು. ಮೂರನೆಯದು ನಟರು ಬಣ್ಣ ಹಚ್ಚಿಕೊಳ್ಳುತ್ತಿದ್ದ ಕೋಣೆ, ಅದು ನನ್ನದು. ಬಾಗಿಲು ಗಾಳಿಗೆ ಬಡಿಯದ ಹಾಗೆ ಅಪ್ಪ ಒಂದು ಮರದ ಗದೆಯನ್ನು ಒತ್ತಿಗೆ ಇಡುತ್ತಿದ್ದರು. ಪೋಸ್ಟ್‌ಮ್ಯಾನ್ ಟಿಕೆಟ್ ಕಿಟಕಿಯಲ್ಲಿ ಕೈ ತೂರಿಸಿ ಕಾಗದ ಹಾಕಿ ಹೋಗುತ್ತಿದ್ದ. ಶಾಲೆಯಲ್ಲಿ ಮನೆಯ ಚಿತ್ರ ಬರೆಯಲು ಹೇಳಿದಾಗ ನಾನು ಪರದೆ, ಬಾಲ್ಕನಿ, ಸಾಲು ಕುರ್ಚಿಗಳನ್ನು ಬರೆದೆ. ಟೀಚರ್ ಅದನ್ನು ತಪ್ಪು ಎಂದು ಗುರುತು ಹಾಕಿ ಹಿಂದೆ ಕೊಟ್ಟರು.

ಅಲ್ಲಿಗೆ ನಾವು ಹೋದದ್ದು ಅಮ್ಮನ ಕೆಲಸದಿಂದ. ಅಪ್ಪ ಉಡುಪಿಯವರು, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದರು. ಅಮ್ಮ ಬೆಂಗಳೂರಿನವಳು, ಆರ್ಕಿಟೆಕ್ಟ್. ಹಳೆಯ ಕಟ್ಟಡಗಳ ಒಳಭಾಗವನ್ನು ಕೆಡಿಸದೆ ಸರಿಮಾಡುವುದು ಅವಳು ಕಲಿತ ವಿದ್ಯೆ. ಮಲೇಷ್ಯಾಕ್ಕೆ ಬಂದ ಮೇಲೆ ಎರಡು ವರ್ಷ ಬರೀ ಡಾಕ್ಟರ ಹೆಂಡತಿಯಾಗಿ ಇದ್ದಳು. ಆ ಹುದ್ದೆ ಅವಳಿಗೆ ಒಗ್ಗಲಿಲ್ಲ, ಸಿಟ್ಟೆಲ್ಲ ಕುಕ್ಕರಿನ ಮೇಲೆ ಹೋಗುತ್ತಿತ್ತು. ಹಾಗಿರುವಾಗ ನಾಟಕಶಾಲೆಯ ಸಭೆಯವರು ಅವಳನ್ನು ಕರೆದರು. ಕಟ್ಟಡ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿತ್ತು. ಕಳ್ಳರು ತಾಮ್ರದ ತಂತಿ, ಹಿತ್ತಾಳೆಯ ಹಿಡಿಕೆ ಎಲ್ಲ ಕಿತ್ತು ಒಯ್ಯುತ್ತಿದ್ದರು, ಯಾರಾದರೂ ಅಲ್ಲೇ ವಾಸ ಇರಬೇಕಿತ್ತು. ನಾವು ವಾಸ ಇದ್ದೆವು. ನನಗೆ ಆಗ ಒಂಬತ್ತು ವರ್ಷ. ಈಗ ನಲವತ್ತರ ಹತ್ತಿರ. ಹೋದ ತಿಂಗಳು ಸಭೆಯ ಈಗಿನ ಕಾರ್ಯದರ್ಶಿ, ಒಬ್ಬ ಹುಡುಗಿ, ವಾಟ್ಸ್ಯಾಪಿನಲ್ಲಿ ಆ ಮೂರನೆಯ ಕೋಣೆಯ ಗೋಡೆಯ ಫೋಟೊ ಕಳಿಸಿ, ಎಲ್ಲಕ್ಕಿಂತ ಕೆಳಗಿರುವ ಒಂದು ಸಣ್ಣ ಬೆರಳಿನ ಗುರುತಿಗೆ ವೃತ್ತ ಹಾಕಿ, ಇದು ಯಾರದ್ದು ಆಂಟಿ ಎಂದು ಕೇಳಿದ್ದಳು. ಒಂದು ಸಾಲಿನ ಉತ್ತರ ಸಾಕಿತ್ತು. ಬರೆಯಲು ಕುಳಿತರೆ ಒಂದು ಸಾಲಿನಲ್ಲಿ ಮುಗಿಯಲಿಲ್ಲ.

ಆ ನಾಟಕಶಾಲೆಯನ್ನು ಕಟ್ಟಿದವರು ಬಂದರಿನ ಕೂಲಿಗಳು, ರಬ್ಬರ್ ತೋಟದ ಆಳುಗಳು. ಹೆಚ್ಚಿನವರು ತಮಿಳರು. ಒಂದಿಬ್ಬರು ಕನ್ನಡದವರೂ ಇದ್ದರು ಎಂದು ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು, ಪುರಾವೆ ಏನೂ ಇರಲಿಲ್ಲ. ಊರಿನಲ್ಲಿ ಬಿಳಿಯರ ಕ್ಲಬ್ಬಿಗೆ ಒಂದು ಹಾಲ್ ಇತ್ತಂತೆ. ಅದರೊಳಗೆ ಈ ಜನಕ್ಕೆ ಪ್ರವೇಶ ಇದ್ದದ್ದು ಕಸ ಗುಡಿಸಲು ಮತ್ತು ಪಂಖದ ಹಗ್ಗ ಎಳೆಯಲು ಮಾತ್ರ. ಆಟ ನಡೆಯುವಾಗ ಗೋಡೆಯ ಕಡೆ ಮುಖ ಮಾಡಿ ಎಳೆಯಬೇಕು. ಅದಕ್ಕೇ ಇವರು ಹಗಲು ದುಡಿದು ಸಂಜೆ ಬಂದು ಇಟ್ಟಿಗೆ ಹೊತ್ತು ತಮ್ಮದೇ ಒಂದನ್ನು ಕಟ್ಟಿದರು. ರಂಗದ ಮೇಲಿನ ಕಮಾನಿನಲ್ಲಿ ನವಿಲು, ದಾಸವಾಳದ ಜೊತೆಗೆ ರಬ್ಬರ್ ಹಾಲು ಹಿಡಿಯುವ ತೆಂಗಿನ ಚಿಪ್ಪನ್ನೂ ಗಾರೆಯಲ್ಲಿ ಮಾಡಿದ್ದರು. ಆದರೆ ಮುಂಬಾಗಿಲ ಕಲ್ಲಿನಲ್ಲಿ ಕೊರೆದದ್ದು ಜಾಗಕ್ಕೆ ಅಪ್ಪಣೆ ಕೊಟ್ಟ ತೋಟದ ದೊರೆಯ ಹೆಸರು. ಕಟ್ಟಿದವರ ಹೆಸರು ಎಲ್ಲೂ ಇಲ್ಲ.

ಅವರ ಗುರುತು ಇದ್ದದ್ದು ನನ್ನ ಕೋಣೆಯ ಗೋಡೆಯಲ್ಲಿ. ಆಟದ ದಿನ ನಟರು ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಮುಖಕ್ಕೆ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಆ ಗೋಡೆಗೆ ಒರೆಸಿ ರಂಗಕ್ಕೆ ಹೋಗುವುದು ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಜಾಗ, ಜೀವ ಇರುವ ತನಕ ಅದೇ ಜಾಗ. ತಂದೆಯದ್ದರ ಪಕ್ಕದಲ್ಲಿ ಮಗನದ್ದು. ಬಿಳಿ, ಕೆಂಪು, ಹಳದಿ, ಅಲ್ಲೊಂದು ಇಲ್ಲೊಂದು ನೀಲಿ, ಹೀಗೆ ಎದೆಯ ಮಟ್ಟದಿಂದ ಆಳೆತ್ತರದ ತನಕ ಮೂರು ತಲೆಮಾರಿನ ಬೆರಳುಗಳು. ನಾವು ಸಾಮಾನು ತಂದ ದಿನ ಆಗಿನ ಕಾರ್ಯದರ್ಶಿ ವೇಲು ಅಂಕಲ್ ಅಮ್ಮನನ್ನು ಆ ಗೋಡೆಯ ಮುಂದೆ ನಿಲ್ಲಿಸಿದರು. ಜೊತೆಗೆ ತಂಗಮ್ಮಾಳ್ ಎಂಬ ಎಪ್ಪತ್ತರ ಹೆಂಗಸು ಬಂದಿದ್ದರು. ತೀರಿಹೋದ ಅವರ ಗಂಡ ಇಪ್ಪತ್ತು ವರ್ಷ ಅಲ್ಲಿ ರಾಜಪಾರ್ಟು ಮಾಡಿದವರು. ಕನ್ನಡಿಯ ಪಕ್ಕದಲ್ಲಿ, ಭುಜದ ಎತ್ತರಕ್ಕಿದ್ದ ದಪ್ಪ ಕೆಂಪು ಗುರುತು ಆ ಗಂಡನದ್ದು.

“ಎಲ್ಲಾ ಮಾಡಿ ಮೇಡಂ, ಸೀಟು, ಸೀಲಿಂಗು, ಪ್ಲಾಸ್ಟರು, ನಿಮ್ಮಿಷ್ಟ. ದಿಸ್ ವಾಲ್, ಕ್ಯಾನಾಟ್ ಲಾ,” ಎಂದರು ವೇಲು ಅಂಕಲ್.

“ಮುಟ್ಟಲ್ಲ. ನನ್ನ ಮಾತು,” ಎಂದಳು ಅಮ್ಮ, ಬೆಂಗಳೂರಿನ ತಮಿಳಿನಲ್ಲಿ.

ನಾನು ಅಳತೆಯ ಟೇಪಿನ ಒಂದು ತುದಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದಾದ ಮೇಲೆ ತಂಗಮ್ಮಾಳ್ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಮೊಳ ಮಲ್ಲಿಗೆ ಹಿಡಿದು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ನನ್ನ ಮಂಚವನ್ನು ಸುತ್ತಿ ಹೋಗಿ, ಆ ಕೆಂಪು ಗುರುತಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಹೂವನ್ನು ಕನ್ನಡಿಗೆ ಸಿಕ್ಕಿಸಿ ಹೋಗುತ್ತಿದ್ದರು. ನನಗೆ ಆ ಗೋಡೆ ಕಂಡರೆ ಆಗುತ್ತಿರಲಿಲ್ಲ. ಶಾಲೆಯಿಂದ ಬಂದು ಮಧ್ಯಾಹ್ನ ಮಲಗಿದರೆ ಆ ಚುಕ್ಕೆಗಳೆಲ್ಲ ಕಣ್ಣುಗಳ ಹಾಗೆ ನನ್ನನ್ನೇ ನೋಡುತ್ತಿದ್ದವು. ಹೆದರಿಕೆ ಆಗುತ್ತದೆ ಎಂದರೆ ಅಮ್ಮನಿಗೆ ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ. ಅವಳು ಕಮಾನಿನ ಅಟ್ಟಣೆಯ ಮೇಲೆ ಕುಳಿತು ಹಲ್ಲುಜ್ಜುವ ಬ್ರಷ್ಷಿನಲ್ಲಿ ನವಿಲಿನ ಗರಿ ತೊಳೆಯುತ್ತಿದ್ದಳು, ಅಪ್ಪ ಕಾಲೇಜಿನಿಂದ ತಂದುಕೊಟ್ಟ ಆಪರೇಷನ್ ಬ್ಲೇಡಿನಲ್ಲಿ ಗೋಡೆಯ ಬಣ್ಣವನ್ನು ಪದರ ಪದರವಾಗಿ ಕೆರೆದು ಹಸಿರಿನ ಕೆಳಗೆ ಗುಲಾಬಿ ಉಂಟು ಎಂದು ಕೂಗುತ್ತಿದ್ದಳು. ಅಡುಗೆ ಆಗದ ದಿನ ಅಪ್ಪ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೊಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬೇಳೆ ಸಾರು ತಪಾವ್ ಮಾಡಿಸಿ, ಅಂದರೆ ಪಾರ್ಸೆಲ್ ಕಟ್ಟಿಸಿ, ತರುತ್ತಿದ್ದರು. ನಾವು ಮೂವರೂ ಮುಂದಿನ ಸಾಲಿನ ಮುರುಕು ಕುರ್ಚಿಗಳಲ್ಲಿ ಕುಳಿತು, ಖಾಲಿ ರಂಗವನ್ನು ನೋಡುತ್ತ ತಿನ್ನುತ್ತಿದ್ದೆವು. ಅಮ್ಮನನ್ನು ಅಷ್ಟು ಖುಷಿಯಾಗಿ ನಾನು ಆಮೇಲೆ ನೋಡಿದ್ದು ಕಡಿಮೆ.

ಚೌತಿಗೆ ಇಪ್ಪತ್ತು ದಿನ ಇರುವಾಗ ಅಪ್ಪನ ಅಮ್ಮ ಉಡುಪಿಯಿಂದ ಬಂದಳು. ಅಜ್ಜಿಗೆ ಮೊದಲ ದಿನವೇ ಒಂದು ವಿಷಯ ತಿಳಿಯಿತು. ತಮಿಳಿನವರು ನಾಟಕಶಾಲೆಗೆ ಕೊಟ್ಟಗೈ ಎನ್ನುತ್ತಾರೆ. “ಮಗ ಡಾಕ್ಟರು, ಸಂಸಾರ ಕೊಟ್ಟಿಗೆಯಲ್ಲಿ,” ಎಂದು ಊರಿಗೆ ಫೋನು ಮಾಡಿ ಹೇಳಿದಳು. ಅವಳದ್ದು ಚೊಕ್ಕ ಕೈ. ಒಂದು ವಾರದಲ್ಲಿ ಕಿರೀಟದ ಕೋಣೆ ನಿಜವಾದ ಅಡುಗೆಮನೆ ಆಯಿತು, ಪ್ಲಾಸ್ಟಿಕ್ ಚೀಲದ ಸಾರು ಸ್ಟೀಲಿನ ಪಾತ್ರೆಗೆ ಬಂತು. ಅಮ್ಮನಿಗೂ ಅವಳಿಗೂ ಜಗಳ ಆಗುತ್ತಿದ್ದದ್ದು ಸುಣ್ಣಕ್ಕೆ. ಹಳೆಯ ಗಾರೆಗೆ ಸಿಮೆಂಟು ಹಚ್ಚಿದರೆ ಒಡೆಯುತ್ತದೆ, ಸುಣ್ಣವೇ ಆಗಬೇಕು, ಅದೂ ತಿಂಗಳುಗಟ್ಟಲೆ ನೀರಿನಲ್ಲಿ ನೆನೆದು ಬೆಣ್ಣೆಯಂತಾದದ್ದು. ಅಂಥ ಸುಣ್ಣದ ಮೂರು ಡ್ರಮ್ಮುಗಳು ರಂಗದ ಪಕ್ಕದಲ್ಲಿದ್ದವು. ಊಟ ಆದ ಕೂಡಲೇ ಅಜ್ಜಿ ವೀಳ್ಯದೆಲೆ ಹಿಡಿದುಕೊಂಡು ಹೋಗಿ ಡ್ರಮ್ಮಿಗೆ ಬೆರಳು ಅದ್ದುತ್ತಿದ್ದಳು.

“ಅತ್ತೆ, ಅದು ಗೋಡೆಗೆ ಹಚ್ಚೋದು!”

“ಗೋಡೆಗೆ ಆಗುದು ಬಾಯಿಗೆ ಆಗುದಿಲ್ವಾ? ಊರಲ್ಲಿ ಸಹ ಇಂಥ ಸುಣ್ಣ ಇಲ್ಲ ಮಾರಾಯ್ತಿ.”

ಎಲೆಗೆ ಹಚ್ಚಿ ಬೆರಳಲ್ಲಿ ಉಳಿದದ್ದನ್ನು ಅವಳು ಸೊಂಟಕ್ಕೆ ಸಿಕ್ಕಿಸಿದ ಚಿಂದಿಗೆ ಒರೆಸುವಳು. ಗೋಡೆಗೆ, ಕಂಬಕ್ಕೆ ಒರೆಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ಕಾರಣ ನನ್ನ ಅಜ್ಜ. ಅವರು ಎಲೆಯಡಿಕೆ ಹಾಕಿ ಚಾವಡಿಯ ಕಂಬಕ್ಕೆ ಬೆರಳು ಒರೆಸುವವರು, ಅಜ್ಜಿ ನಲವತ್ತು ವರ್ಷ ಆ ಕಂಬವನ್ನು ತಿಕ್ಕಿದವಳು. ಅಂಥವಳು ನನ್ನ ಕೋಣೆಯ ಗೋಡೆ ನೋಡಿದಳು. ಬಿಳಿ ಚುಕ್ಕೆಯೆಲ್ಲ ಸುಣ್ಣ, ಕೆಂಪೆಲ್ಲ ಎಲೆಯಡಿಕೆಯ ರಸ ಎಂದು ಅವಳಿಗೆ ಒಂದೇ ನೋಟಕ್ಕೆ ತೀರ್ಮಾನವಾಯಿತು.

“ಈ ನಮೂನೆ ಗಂಡಸರು ಇಲ್ಲಿಯೂ ಇದ್ದಾರಾ! ಥೂ, ಎಂತ ಗಲೀಜು. ಇದರ ಎದುರು ಗಣಪತಿ ಇಡ್ಲಿಕ್ಕುಂಟಾ?”

ಅಮ್ಮ ಕುರ್ಚಿಗಳಿಗೆ ಮರ ನೋಡಲು ಕೌಲಾಲಂಪುರಕ್ಕೆ ಹೋದ ಗುರುವಾರ ಅಜ್ಜಿ ಸೆರಗು ಕಟ್ಟಿದಳು. ಅಪ್ಪ ಕಾಲೇಜಿಗೆ ಹೋಗಿದ್ದರು, ನನಗೆ ಶಾಲೆಗೆ ರಜೆ. ಬಕೆಟ್ಟಿನಲ್ಲಿ ಸುಣ್ಣ, ತೆಂಗಿನ ನಾರು, ಸೋಪು ಎಲ್ಲ ಹೊಂದಿಸಿಕೊಂಡ ಮೇಲೆ ಯಾಕೋ ತಡೆದು ನನ್ನನ್ನು ಕೇಳಿದಳು.

“ಮಗಾ, ಈ ಗೋಡೆ ಬಗ್ಗೆ ನಿನ್ನ ಅಮ್ಮ ಎಂತಾದ್ರೂ ಹೇಳಿದ್ದಾಳಾ?”

“ನಥಿಂಗ್ ಅಜ್ಜಿ,” ಎಂದೆ.

ಆಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ, ಆದ್ದರಿಂದ ಅವಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ನನಗೆ ಎಲ್ಲ ನೆನಪಿತ್ತು. ಟೇಪು, ವೇಲು ಅಂಕಲ್, ಅಮ್ಮನ ಮಾತು, ಎಲ್ಲ. ಮರೆತಿದ್ದೆ ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಅದು ಶುದ್ಧ ಸುಳ್ಳು. ಆ ಕಣ್ಣುಗಳು ಹೋದರೆ ಸಾಕಿತ್ತು ನನಗೆ. ಅಜ್ಜಿ ಕನ್ನಡಿಯ ಪಕ್ಕದಿಂದ ಶುರುಮಾಡಿದಳು. ಮೊದಲು ನಾರಿನಲ್ಲಿ ಸೋಪು ಹಾಕಿ ಗಸಗಸ ತಿಕ್ಕಿದಳು. ಒಂದಷ್ಟು ಜಾಗ ತಿಕ್ಕುವಷ್ಟರಲ್ಲಿ ಕೈಸೋತು, ಉಳಿದದ್ದಕ್ಕೆ ಹಾಗೇ ಮೇಲಿಂದ ಸುಣ್ಣ ಬಳಿದಳು. ನಾನು ಬಕೆಟ್ಟು ಹಿಡಿದೆ. ಸಂಜೆ ಹೊತ್ತಿಗೆ ಗೋಡೆ ಹಾಲಿನ ಹಾಗೆ ಬೆಳ್ಳಗೆ. ನಾನು ಆ ಕೋಣೆಯಲ್ಲಿ ಮೊದಲ ಸಲ ನೆಮ್ಮದಿಯಿಂದ ಕಾಲು ಚಾಚಿ ಮಲಗಿದೆ.

ಅಮ್ಮ ಬಂದವಳು ಚೀಲವನ್ನು ಬಾಗಿಲಲ್ಲೇ ಬಿಟ್ಟು, ಗೋಡೆಯ ಹತ್ತಿರ ಹೋಗಿ ಸುಣ್ಣವನ್ನು ಉಗುರಿನಲ್ಲಿ ಕೆರೆದು ನೋಡಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಗುಳ ಹೊರಟದ್ದು ಅಪ್ಪ ಬಂದ ಮೇಲೆ.

“ಗೋಡೆ ವಿಷಯ ಅತ್ತೆಗೆ ಹೇಳಿ ಅಂದಿದ್ನಲ್ರೀ ನಿಮಗೆ?”

“ನೀನೇ ಹೇಳಿದ್ದೀ ಅಂತ ಗ್ರಹಿಸಿದೆ ನಾನು.”

“ಗ್ರಹಿಸ್ತಾರಂತೆ! ಮನೇಲಿ ಮೂರು ಜನ ಇದ್ದೀವಿ, ಒಬ್ಬರಿಗೂ ಬಾಯಿಲ್ವಾ?”

ಅಜ್ಜಿ ಒಲೆಯ ಹತ್ತಿರ ನಿಂತಿದ್ದಳು. ಮೂರು ಜನ ಎಂದು ಕೇಳಿದಾಗ ಅವಳು ತಿರುಗಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಸೌಟು ಕೆಳಗಿಟ್ಟು, “ನಂಗೆ ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ತಪ್ಪು ನಂದೇ,” ಎಂದಳು. ಕೇಳಿದ್ದಳು ಎನ್ನುವುದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು. ಅಪ್ಪನಿಗೆ ಮಾತ್ರ ಆ ಬೈಗುಳ ಅಲ್ಲಿಗೆ ಮುಗಿಯಲಿಲ್ಲ. ಇಂದಿಗೂ ಅಮ್ಮ ಸಿಟ್ಟು ಬಂದಾಗ ಆ ಗೋಡೆಯನ್ನು ಎತ್ತುತ್ತಾಳೆ. ಇದನ್ನು ಓದಿದರೆ ಅಪ್ಪನಿಗೆ ಸ್ವಲ್ಪ ಸಮಾಧಾನವಾದೀತು.

ಮರುದಿನ ಶುಕ್ರವಾರ. ಅಮ್ಮ ಬಾಗಿಲಲ್ಲೇ ಕಾದು ನಿಂತು ತಂಗಮ್ಮಾಳ್‌ಗೆ ವಿಷಯ ಹೇಳಿದಳು. ಅವರು ಒಳಗೆ ಬಂದರು, ಎಂದಿನ ಹಾಗೆ ಮಂಚ ಸುತ್ತಿ ಹೋಗಿ ಕನ್ನಡಿಯ ಪಕ್ಕದಲ್ಲಿ ಹೆಬ್ಬೆರಳು ಇಟ್ಟರು. ಬೆರಳಿಗೆ ಹಸಿ ಸುಣ್ಣ ಹತ್ತಿತು. ಅದನ್ನು ನೋಡಿ, ಸೀರೆಯ ಅಂಚಿಗೆ ಒರೆಸಿಕೊಂಡು, ಮಲ್ಲಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋದರು. ಮಧ್ಯಾಹ್ನ ವೇಲು ಅಂಕಲ್ ಬಂದು ಕೆಲಸ ನಿಲ್ಲಿಸಿ ಎಂದರು. ಅಮ್ಮ, ನಮ್ಮ ಮನೆಯವರು ಮಾಡಿದ್ದು, ಜವಾಬ್ದಾರಿ ನನ್ನದು ಎಂದಳು. ವೇಲು ಅಂಕಲ್ ಮುಖವೂ ಸಣ್ಣದಾಗಿತ್ತು. ಸಭೆಯಲ್ಲಿ ಕೆಲವರು ಬೇರೊಬ್ಬ ಕಾಂಟ್ರಾಕ್ಟರನ್ನು ಹಿಡಿದು ಆಗಿತ್ತು. ಗಾರೆ ಎಲ್ಲ ಒಡೆದು ಜಿಪ್ಸಮ್ ಬೋರ್ಡು ಹಾಕಿ, ಪ್ಲಾಸ್ಟಿಕ್ ಸೀಟು ಕೂರಿಸಿ ಕೊಡುತ್ತೇನೆ ಎಂದವನು ಅವನು. ನವಿಲು, ದಾಸವಾಳ, ಚಿಪ್ಪು ಎಲ್ಲ ಹೋಗುವುದಿತ್ತು.

“ತಂಗಮ್ಮಾಳ್ ಏನು ಹೇಳ್ತಾರೋ ಅದೇ ಮೇಡಂ. ಅವರು ಬೇಡ ಅಂದ್ರೆ ಫಿನಿಷ್ ಲಾ.”

ತಂಗಮ್ಮಾಳ್ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಬರುವುದನ್ನೇ ಬಿಟ್ಟರು. ಅಮ್ಮ ಉಳಿದ ಕೆಲಸ ನಿಲ್ಲಿಸಿ ಆ ಗೋಡೆಯ ಮುಂದೆ ಕುಳಿತಳು. ಎಣ್ಣೆಯ ಮೇಲೆ ಸುಣ್ಣ ಗಟ್ಟಿಯಾಗಿ ಕೂರುವುದಿಲ್ಲ ಎನ್ನುವುದು ಒಂದೇ ಅವಳ ಆಸೆ. ಒದ್ದೆ ಹತ್ತಿ ಒತ್ತಿ ಹಿಡಿದು, ಸಾತೇ ಚುಚ್ಚುವ ಬಿದಿರು ಕಡ್ಡಿಯ ತುದಿಯಲ್ಲಿ ಮೆಲ್ಲಗೆ ಎಬ್ಬಿಸಿದರೆ ಕೆಲವು ಕಡೆ ಸುಣ್ಣ ಹೊಟ್ಟಿನ ಹಾಗೆ ಏಳುತ್ತಿತ್ತು, ಅಡಿಯಲ್ಲಿ ಒಂದು ಹಳದಿ, ಒಂದು ನೀಲಿ. ಮೂರನೆಯ ದಿನ ಅಜ್ಜಿ ಬಂದು ಪಕ್ಕದಲ್ಲಿ ಕುಳಿತಳು.

“ಈ ಕಡ್ಡಿಯಲ್ಲಿ ಎಂತ ಚುಚ್ಚುದು ಇಲ್ಲಿಯವರು?”

“ಕೋಳಿ, ಅತ್ತೆ. ಇದು ಹೊಸಾ ಕಟ್ಟು.”

ಅಜ್ಜಿ ಎದ್ದು ಹೋಗಿ ಕಟ್ಟನ್ನು ಮೂರು ನೀರಿನಲ್ಲಿ ತೊಳೆದು ತಂದು ಕೆಲಸ ಶುರುಮಾಡಿದಳು. ಅಮ್ಮನಿಗಿಂತ ಅವಳ ಕೈ ಹಗುರ. ಎಡೆಬಿಡದೆ ಜಗಳವಾಡುತ್ತಿದ್ದ ಇಬ್ಬರೂ ಎರಡು ವಾರ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕುಳಿತು ಕಡ್ಡಿ ಆಡಿಸಿದರು. ಆ ವರ್ಷ ಗಣಪತಿಯನ್ನು ಅಡುಗೆಮನೆಯಲ್ಲೇ ಇಟ್ಟದ್ದು. ಅರ್ಧಕ್ಕಿಂತ ಹೆಚ್ಚು ಗುರುತುಗಳು ಮಂಕಾಗಿಯಾದರೂ ಎದ್ದು ಬಂದವು. ಕನ್ನಡಿಯ ಪಕ್ಕದಲ್ಲಿ ಮಾತ್ರ ಏನೂ ಬರಲಿಲ್ಲ. ಅಲ್ಲಿ ಅಜ್ಜಿ ಸೋಪು ಹಾಕಿ ತಿಕ್ಕಿದ್ದಳು.

ಮೂರನೆಯ ಶುಕ್ರವಾರವೂ ತಂಗಮ್ಮಾಳ್ ಬರಲಿಲ್ಲ. ಅಜ್ಜಿ ಬೆಳಿಗ್ಗೆ ಎದ್ದು ಹಿತ್ತಲಿನ ಚರಂಡಿಯ ಬದಿಯ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿದಳು. ಡಬ್ಬಿಗೆ ತುಂಬಿ, “ಹೋಗುವಾ ಮಗಾ, ನಿಂಗೆ ಅವರ ಭಾಷೆ ಬರ್ತದಲ್ಲ,” ಎಂದಳು. ಪಕ್ಕದ ಮನೆಯ ಮಕ್ಕಳ ಜೊತೆ ಆಡಿ ಆಡಿ ನನಗೆ ತಮಿಳು ಬರುತ್ತಿತ್ತು. ಹೊಟ್ಟೆನೋವು ಎಂದು ಹೇಳಿ ನೋಡಿದೆ, ನಡೆಯಲಿಲ್ಲ. ತಂಗಮ್ಮಾಳ್ ನಮ್ಮನ್ನು ಕುಳ್ಳಿರಿಸಿ ನನಗೆ ಮೈಲೊ ಕೊಟ್ಟರು, ಅಜ್ಜಿಗೆ ನೀರು. ಇಬ್ಬರು ಮುದುಕಿಯರ ನಡುವೆ ನಾನು.

“ಹೇಳು ಅವರಿಗೆ. ನಾನು ಎಲೆಯಡಿಕೆಯ ಸುಣ್ಣ ಅಂತ ಗ್ರಹಿಸಿದೆ. ನಮ್ಮ ಊರಲ್ಲಿ ಗಂಡಸರು ಬೆರಳು ಹಾಗೇ ಒರೆಸುದು.”

ಹೇಳಿದೆ. ತಂಗಮ್ಮಾಳ್, ಇಲ್ಲಿಯೂ ಒರೆಸುತ್ತಾರೆ, ಆದರೆ ಹೊರಗಿನ ಗೋಡೆಗೆ ಎಂದರು. ಆಮೇಲೆ ಅಜ್ಜಿಯನ್ನಲ್ಲ, ನನ್ನನ್ನು ನೋಡಿ ಕೇಳಿದರು.

“ವೀಟ್ಲೆ ಯಾರುಮೇ ಸೊಲ್ಲಲಿಯಾ?”

ಮನೆಯಲ್ಲಿ ಯಾರೂ ಹೇಳಲಿಲ್ಲವೇ. ಅಮ್ಮ ಮಾತು ಕೊಟ್ಟ ದಿನ ಟೇಪು ಹಿಡಿದು ನಿಂತ ಹುಡುಗಿ ಅವರಿಗೆ ನೆನಪಿತ್ತು. ನಾನು ಮೈಲೊ ಲೋಟದೊಳಗೆ ನೋಡುತ್ತ ಕುಳಿತೆ, ಅಜ್ಜಿಗೆ ಕನ್ನಡ ಮಾಡಿ ಹೇಳಲಿಲ್ಲ. ಅಜ್ಜಿ ಕಾಯಲೂ ಇಲ್ಲ, ನನ್ನ ಮುಖ ನೋಡಿಯೇ ಅವಳಿಗೆ ಪ್ರಶ್ನೆ ತಿಳಿದಿತ್ತು.

“ಹೇಳಿದ್ರು, ಇವಳೇ ಹೇಳಿದ್ಲು. ನಾನು ಕಿವಿಗೆ ಹಾಕಿಕೊಳ್ಲಿಲ್ಲ. ಅದನ್ನೇ ಹೇಳು ಅವರಿಗೆ, ಒಂದು ಮಾತೂ ಬಿಡ್ಬೇಡ.”

ನಾನು ಒಂದು ಮಾತೂ ಬಿಡದೆ ಹೇಳಿದೆ. ನನ್ನ ಸುಳ್ಳನ್ನು ಮುಚ್ಚಲು ಅಜ್ಜಿ ಹೇಳಿದ ಸುಳ್ಳನ್ನು ನನ್ನ ಬಾಯಿಂದಲೇ, ಸ್ಪಷ್ಟವಾದ ತಮಿಳಿನಲ್ಲಿ ಹೇಳಿದೆ. ತಂಗಮ್ಮಾಳ್ ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು, ಡಬ್ಬಿ ತೆರೆದು ಒಂದು ತುಂಡು ಪತ್ರೊಡೆ ಬಾಯಿಗೆ ಹಾಕಿಕೊಂಡರು. ಮುದುಕಿಯರಿಗೆ ಕಿವಿ ಇಲ್ಲದಿದ್ದರೆ ಹೋಗಲಿ, ಚಿಕ್ಕವರಿಗೆ ಬಾಯಿ ಇರಬೇಕು ಎಂದರು. ಆಮೇಲೆ, ನಿನ್ನ ಅಮ್ಮನಿಗೆ ಕೆಲಸ ಮುಂದುವರಿಸಲು ಹೇಳು, ಕನ್ನಡಿಯ ಪಕ್ಕದ ಜಾಗ ಖಾಲಿ ಇರಲಿ ಎಂದರು. ಎರಡನೆಯದನ್ನು ಅಜ್ಜಿಗೆ ಹೇಳಿದೆ, ಮೊದಲನೆಯದನ್ನು ಹೇಳಲಿಲ್ಲ. ಮೊದಲು ಏನೋ ಹೇಳಿದರಲ್ಲ ಎಂದು ಅಜ್ಜಿ ಕೇಳಲೂ ಇಲ್ಲ. ದಾರಿಯಲ್ಲಿ ನನಗೆ ಐಸ್ ಕಚಾಂಗ್, ತುರಿದ ಐಸಿನ ಮೇಲೆ ಬಣ್ಣದ ಪಾಕ ಹಾಕಿದ್ದು, ಕೊಡಿಸಿದಳು. ತಿನ್ನಲಾಗಲಿಲ್ಲ. ನಾಲ್ಕು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಟಕಶಾಲೆ ತೆರೆಯುವಾಗ ಮತ್ತೊಂದು ವರ್ಷ ಕಳೆದಿತ್ತು. ಊರಿಗೆ ಹೋಗಿದ್ದ ಅಜ್ಜಿ ಅದಕ್ಕೆಂದೇ ಮತ್ತೆ ಬಂದಳು. ನಾವು ಆ ಹೊತ್ತಿಗೆ ಕಾಲೇಜಿನ ಹತ್ತಿರ ಒಂದು ಫ್ಲ್ಯಾಟಿಗೆ ಹೋಗಿ ಆಗಿತ್ತು, ಅಡುಗೆಮನೆಗೆ ಕಿರೀಟಗಳು ವಾಪಸು ಬಂದಿದ್ದವು. ಸಭಾಂಗಣದೊಳಗೆ ಹಸಿರಿನ ಅಡಿಯಲ್ಲಿ ಸಿಕ್ಕಿದ ಆ ತಿಳಿಗುಲಾಬಿ ಗೋಡೆಗಳು, ಬೆತ್ತ ಹೆಣೆದ ಕುರ್ಚಿಗಳು, ಕಮಾನಿನಲ್ಲಿ ನವಿಲು. ರಬ್ಬರ್ ತೋಟದ ಹಳಬರು ಮುಂದಿನ ಸಾಲಿನಲ್ಲಿ ಕುಳಿತು ತಲೆಯೆತ್ತಿ ಆ ಚಿಪ್ಪನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಅಮ್ಮ ಬಾಗಿಲ ಬಳಿ ನಿಂತು ಅತ್ತಳು, ಮೂಗು ಒರೆಸಿಕೊಂಡು ಧೂಳು ಎಂದಳು. ಹೊಸ ಕಟ್ಟಡದಲ್ಲಿ ಎಲ್ಲಿಯ ಧೂಳು ಎಂದು ಅಪ್ಪ ಕೇಳಿ ಬೈಸಿಕೊಂಡರು.

ತಂಗಮ್ಮಾಳ್‌ಗೆ ಆ ಸಂಜೆಯ ಆಟದಲ್ಲಿ ರಾಜನ ತಾಯಿಯ ಪಾರ್ಟು, ಎರಡೇ ಮಾತು. ಬಣ್ಣದ ಕೋಣೆಗೆ ಅಜ್ಜಿಯನ್ನು ಅವರೇ ಕರೆಸಿದರು, ನಾನೂ ಹಿಂದೆ ಹೋದೆ. ಅವರು ಕೆಂಪು ಬಣ್ಣ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಕನ್ನಡಿಯ ಪಕ್ಕದ ಖಾಲಿ ಜಾಗಕ್ಕೆ ಒರೆಸಿದರು. ಆಮೇಲೆ ಬಣ್ಣದ ತಟ್ಟೆಯನ್ನು ಅಜ್ಜಿಯ ಮುಂದೆ ಹಿಡಿದು ಗೋಡೆಯ ಕಡೆ ಗದ್ದ ತೋರಿಸಿದರು. ಅಜ್ಜಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು.

“ನಾನು ಜೀವಮಾನದಲ್ಲಿ ಗೋಡೆಗೆ ಬೆರಳು ಒರೆಸಿದವಳಲ್ಲ, ಮಾರಾಯ್ರೆ,” ಎಂದಳು. ಅನುವಾದ ಬೇಕಾಗಲಿಲ್ಲ, ತಂಗಮ್ಮಾಳ್ ನಕ್ಕರು. ಆಮೇಲೆ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಎಳೆದು, ನನ್ನ ತೋರುಬೆರಳನ್ನು ತಟ್ಟೆಗೆ ಅದ್ದಿ, ಉಳಿದೆಲ್ಲ ಗುರುತುಗಳ ಕೆಳಗೆ, ನನ್ನ ಎತ್ತರಕ್ಕೆ ಸಿಗುವಲ್ಲಿ ಗಟ್ಟಿಯಾಗಿ ಒತ್ತಿದಳು. ಕೈ ಬಿಡಲಿಲ್ಲ.

“ಇನ್ನು ಯಾರಾದ್ರೂ ಈ ಗೋಡೆ ಬಗ್ಗೆ ಕೇಳಿದ್ರೆ ಹೇಳ್ತೀಯಲ್ಲ?”

“ಹೇಳ್ತೇನೆ ಅಜ್ಜಿ,” ಎಂದೆ, ಕನ್ನಡದಲ್ಲಿ.

ಹೋದ ತಿಂಗಳವರೆಗೆ ಯಾರೂ ಕೇಳಿರಲಿಲ್ಲ.